ಚೆರ್ರಿ ಕೌಂಟಿ, ನೆಬ್ರಾಸ್ಕಾ: 640 ಎಕರೆ ಕೊಟ್ಟರೂ ಜನ ಯಾಕೆ ನಿಲ್ಲಲಿಲ್ಲ?

ನಕಾಶೆ_ನೋಡುಗ:

ನೆಬ್ರಾಸ್ಕಾದ ಉತ್ತರ ಗಡಿಯಲ್ಲಿರುವ ಚೆರ್ರಿ ಕೌಂಟಿ ಬಗ್ಗೆ ತಿಳಿದವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ವಿಸ್ತೀರ್ಣ ಸುಮಾರು 6,000 ಚದರ ಮೈಲಿ, ಇಡೀ ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು. 2020ರ ಜನಗಣತಿಯಲ್ಲಿ ಜನಸಂಖ್ಯೆ ಮಾತ್ರ 5,455. ಅದರಲ್ಲೂ 2,633 ಜನ ಕೌಂಟಿಯ ಕೇಂದ್ರ ವ್ಯಾಲೆಂಟೈನ್ ಊರಿನವರೇ.

1904ರ ಕಿಂಕೇಡ್ ಕಾಯ್ದೆ ಇಲ್ಲಿ ನೆಲೆಸಲು ಬಂದ ಒಬ್ಬೊಬ್ಬರಿಗೆ 640 ಎಕರೆ ಸರ್ಕಾರಿ ಜಮೀನು ಕೊಟ್ಟಿತಂತೆ. ಬೇರೆ ಕಡೆ ಹೋಮ್‌ಸ್ಟೆಡ್ ಕಾಯ್ದೆಯಡಿ ಸಿಗುತ್ತಿದ್ದದ್ದು 160. ನಾಲ್ಕು ಪಟ್ಟು ಜಮೀನು ಕೊಟ್ಟರೂ ಊರುಗಳು ಬೆಳೆಯಲಿಲ್ಲ ಅಂದರೆ ಕಾರಣ ಏನು? ಬರೀ "ಮರಳು ನೆಲ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ, ಲೆಕ್ಕ ಬೇಕು.

ಇನ್ನೆರಡು ಪ್ರಶ್ನೆ. ಆಗ ಜಮೀನು ಹಿಡಿದವರ ದಾಖಲೆ ಹುಡುಕುವ ದಾರಿ ಯಾವುದು? ಮತ್ತೆ, ಈಗ ಅಲ್ಲಿಗೆ ಹೋಗುವವರು ಏನು ತಿಳಿದಿರಬೇಕು?

---

ದಿಬ್ಬದ_ಹುಲ್ಲು:

ಲೆಕ್ಕದಿಂದಲೇ ಶುರು ಮಾಡೋಣ.

ಕೌಂಟಿಯ ಬಹುಪಾಲು ಸ್ಯಾಂಡ್‌ಹಿಲ್ಸ್ ಪ್ರದೇಶದೊಳಗಿದೆ. ಇವು ನಿಜವಾದ ಮರಳುದಿಬ್ಬಗಳು, ಕೆಲವು 400 ಅಡಿವರೆಗೂ ಎತ್ತರ. ಮರಳುಗಾಡಿನ ದಿಬ್ಬಕ್ಕೂ ಇವಕ್ಕೂ ಇರುವ ವ್ಯತ್ಯಾಸ ಒಂದೇ: ಇವುಗಳ ಮೇಲೆ ಹುಲ್ಲಿದೆ. ಹುಲ್ಲಿನ ಬೇರು ಹಿಡಿದುಕೊಂಡಿರುವಷ್ಟು ಕಾಲ ದಿಬ್ಬ ನಿಂತಲ್ಲೇ ನಿಂತಿರುತ್ತದೆ. ಅಲ್ಲಿನ ಮುಖ್ಯ ಮಣ್ಣಿಗೆ ಮಣ್ಣುಶಾಸ್ತ್ರದವರು ಇಟ್ಟ ಹೆಸರೇ "ವ್ಯಾಲೆಂಟೈನ್". ಮೇಲಿನ ಕೆಲವೇ ಇಂಚು ಸ್ವಲ್ಪ ಕಪ್ಪು, ಕೆಳಗೆಲ್ಲ ನಯವಾದ ಮರಳು. ನೇಗಿಲು ಹಾಕಿ ಹುಲ್ಲು ಮಗುಚಿದರೆ ಆ ಕಪ್ಪು ಪದರ ಒಂದೆರಡು ವರ್ಷದಲ್ಲಿ ಗಾಳಿಗೆ ಹೋಗುತ್ತದೆ, ಆಮೇಲೆ ಜೋಳವೂ ಇಲ್ಲ, ಹುಲ್ಲೂ ಇಲ್ಲ.

ಹಾಗಂತ ನೀರಿಲ್ಲದ ನೆಲ ಅಂದುಕೊಳ್ಳಬೇಡಿ. ವ್ಯಾಲೆಂಟೈನ್‌ನಲ್ಲಿ ವರ್ಷಕ್ಕೆ ಸುಮಾರು 20 ಇಂಚು ಮಳೆ. ಮರಳು ಅದನ್ನು ಹರಿಯಲು ಬಿಡದೆ ನೇರ ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಳಗೆ ಒಗಲಾಲಾ ಅಂತರ್ಜಲ ಪದರ. ದಿಬ್ಬಗಳ ನಡುವಿನ ಕಣಿವೆಯಲ್ಲಿ ಆ ನೀರು ನೆಲಮಟ್ಟದಿಂದ ಎರಡು ಮೂರು ಅಡಿಗೇ ಸಿಗುತ್ತದೆ, ಎಷ್ಟೋ ಕಡೆ ಕೆರೆಯಾಗಿ ಮೇಲಕ್ಕೇ ಬಂದಿದೆ. ನಾರ್ತ್ ಲೂಪ್, ಸ್ನೇಕ್ ನದಿಗಳು ಬೇಸಿಗೆಯಲ್ಲೂ ಒಂದೇ ಮಟ್ಟದಲ್ಲಿ ಹರಿಯುವುದು ಇದೇ ಒರತೆ ನೀರಿನಿಂದ. ಕಣಿವೆಯ ಈ ತೇವದ ಹುಲ್ಲುಗದ್ದೆಗಳನ್ನು ಅಲ್ಲಿಯವರು ಮೆಡೋ ಅನ್ನುತ್ತಾರೆ. ಚಳಿಗಾಲದ ಒಣಹುಲ್ಲು ಬರುವುದು ಅಲ್ಲಿಂದ. ಕೊಯ್ಲು ಹೆಚ್ಚಾಗಿ ಜುಲೈನಲ್ಲಿ.

ಈಗ 640 ಎಕರೆ. ಮೇವು ಅಳೆಯುವ ಮಾನ ಎ.ಯು.ಎಂ.: 1,000 ಪೌಂಡ್ ತೂಕದ ಹಸು ಒಂದು ತಿಂಗಳು ಮೇಯುವ ಹುಲ್ಲು, ಒಣತೂಕದಲ್ಲಿ ಹತ್ತಿರ ಹತ್ತಿರ 780 ಪೌಂಡ್. ಒಳ್ಳೆಯ ಸ್ಥಿತಿಯ ದಿಬ್ಬದ ಹುಲ್ಲುಗಾವಲು ಎಕರೆಗೆ ಸುಮಾರು 0.6 ಎ.ಯು.ಎಂ. ಕೊಡುತ್ತದೆ. ಇಂದಿನ ದೊಡ್ಡ ಗಾತ್ರದ ಹಸು, ಜೊತೆಗೆ ಕರು ಸೇರಿದರೆ ತಿಂಗಳಿಗೆ 1.3 ಅಂತ ಹಿಡಿಯಿರಿ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಐದು ತಿಂಗಳಿಗೆ 6.5 ಎ.ಯು.ಎಂ., ಅಂದರೆ ಬೇಸಿಗೆಗೇ ಹಸುವೊಂದಕ್ಕೆ 11 ಎಕರೆ ಹತ್ತಿರ. ಅದರ ಮೇಲೆ ಚಳಿಗಾಲದ ಮೇವು, ಒಣಹುಲ್ಲಿನ ಗದ್ದೆ. ಒಟ್ಟು ವರ್ಷಕ್ಕೆ 15ರಿಂದ 20 ಎಕರೆ.

ಅಲ್ಲಿಗೆ 640 ಎಕರೆಯಲ್ಲಿ ನಿಲ್ಲುವುದು 32ರಿಂದ 42 ಹಸು. 1904ರ ಹಸು ಚಿಕ್ಕದು, ಹಾಗಾಗಿ 50ರ ಹತ್ತಿರ ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ ಮಾರಲು ಸಿಗುವ ಕರು ಅದಕ್ಕಿಂತಲೂ ಕಡಿಮೆ. ಉಳಲು ಹೋದರೆ 640 ವಿಪರೀತ ಹೆಚ್ಚು, ದನ ಸಾಕಲು ಹೋದರೆ ತೀರಾ ಕಡಿಮೆ. ಇನ್ನೊಂದು ಸಂಗತಿ: ಲೆಕ್ಕ ಕೂಡಬೇಕಾದರೆ ನಿಮ್ಮ ಪಾಲಿನ 640ರಲ್ಲಿ ಒಂದು ಮೆಡೋ ಇರಲೇಬೇಕು. ಬರೀ ದಿಬ್ಬ ಬಂದವರಿಗೆ ಚಳಿಗಾಲದ ಮೇವೇ ಇಲ್ಲ. ಒಳ್ಳೆಯ ಕಣಿವೆಗಳೆಲ್ಲ 1904ಕ್ಕೆ ಮುಂಚೆಯೇ ಯಾರದೋ ಹೆಸರಿಗೆ ಆಗಿದ್ದವು.

---

ಹಳೇ_ದಫ್ತರ:

ಮೇಲಿನ ಲೆಕ್ಕ ಸರಿ. ಆದರೆ "ಜನ ನಿಲ್ಲಲಿಲ್ಲ" ಅನ್ನುವುದನ್ನು ಸ್ವಲ್ಪ ತಿದ್ದಬೇಕು. ಜನಗಣತಿ ನೋಡಿ: 1900ರಲ್ಲಿ ಸುಮಾರು 6,500 ಇದ್ದದ್ದು 1920ಕ್ಕೆ ಸುಮಾರು 11,700 ಆಗಿತ್ತು. ಕಾಯ್ದೆ ಜನರನ್ನು ತಂದದ್ದು ನಿಜ, ಉಳಿಸಿಕೊಳ್ಳಲಾಗಲಿಲ್ಲ. ಮೊದಲ ಮಹಾಯುದ್ಧದ ಕಾಲದ ಒಳ್ಳೆಯ ದನದ ಬೆಲೆ 1920ರ ನಂತರ ಕುಸಿಯಿತು, ಆಮೇಲೆ ಮೂವತ್ತರ ದಶಕದ ಬರ. ಮಣ್ಣಿನಷ್ಟೇ ಸಾಲವೂ ಕಾರಣ.

ಕ್ರಮವಾಗಿ ಹೇಳುವುದಾದರೆ:

ಈ ನೆಲ ಲಕೋಟಾ ಎಂಬ ಮೂಲನಿವಾಸಿ ಜನರ ಬೇಟೆಯ ನಾಡು. ಕೌಂಟಿಯ ಉತ್ತರಕ್ಕೆ, ದಕ್ಷಿಣ ಡಕೋಟಾದ ಗಡಿ ದಾಟಿದರೆ ಸಿಚಾಂಗು ಲಕೋಟಾರ ರೋಸ್‌ಬಡ್ ಮೀಸಲು ಪ್ರದೇಶ ಇಂದಿಗೂ ಇದೆ. ಅದರ ಮೇಲೆ ಕಣ್ಣಿಡಲೆಂದೇ 1880ರಲ್ಲಿ ಸೈನ್ಯ ಫೋರ್ಟ್ ನಯೋಬ್ರಾರಾ ಕಟ್ಟಿತು. ಅಲ್ಲಿನ ಒಬ್ಬ ಲೆಫ್ಟಿನೆಂಟ್, ಸ್ಯಾಮ್ಯುಯೆಲ್ ಚೆರ್ರಿ, 1881ರಲ್ಲಿ ಕೊಲೆಯಾದ. 1883ರಲ್ಲಿ ಕೌಂಟಿ ರಚನೆಯಾದಾಗ ಇಟ್ಟದ್ದು ಅವನ ಹೆಸರು. ಚೆರ್ರಿ ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ವ್ಯಾಲೆಂಟೈನ್ ಊರಿಗೂ ಪ್ರೇಮಿಗಳ ದಿನಕ್ಕೂ ಅಷ್ಟೇ, ಅದು ಎಡ್ವರ್ಡ್ ವ್ಯಾಲೆಂಟೈನ್ ಎಂಬ ಕಾಂಗ್ರೆಸ್ ಸದಸ್ಯನ ಹೆಸರು.

ಕೋಟೆಯಲ್ಲಿ 1885ರಿಂದ 1890ರವರೆಗೆ ಕಪ್ಪು ಸೈನಿಕರ 9ನೇ ಅಶ್ವದಳ, 1902ರಿಂದ 1906ರವರೆಗೆ 25ನೇ ಪದಾತಿ ದಳ ಇದ್ದವು. ಟೆಕ್ಸಸ್‌ನ ಬ್ರೌನ್ಸ್‌ವಿಲ್‌ನಲ್ಲಿ 1906ರಲ್ಲಿ ಯಾರೋ ಹಾರಿಸಿದ ಗುಂಡಿಗೆ ಇಡೀ ತುಕಡಿಗಳನ್ನೇ ವಿಚಾರಣೆ ಇಲ್ಲದೆ ವಜಾ ಮಾಡಿದರಲ್ಲ, ಆ ಸೈನಿಕರು ಅಲ್ಲಿಗೆ ಹೋದದ್ದು ಇದೇ ಕೋಟೆಯಿಂದ.

ದನದ ದೊಡ್ಡ ಕುಳಗಳು ಮೊದಲು ದಿಬ್ಬಗಳ ಒಳಗೆ ಹೋಗಲು ಹೆದರುತ್ತಿದ್ದರು. ದನ ಒಳಗೆ ಹೋದರೆ ಸತ್ತಂತೆ ಅನ್ನುವ ನಂಬಿಕೆ. 1879ರ ಮಾರ್ಚ್ ಹಿಮಗಾಳಿಗೆ ನ್ಯೂಮನ್ ರಾಂಚಿನ (ರಾಂಚು ಅಂದರೆ ದನ ಸಾಕುವ ದೊಡ್ಡ ಜಮೀನು) ದನ ದಿಬ್ಬಗಳೊಳಗೆ ನುಗ್ಗಿದವು. ಹುಡುಕಿಕೊಂಡು ಹೋದ ಆಳುಗಳಿಗೆ ಅವು ಕೊಬ್ಬಿ ಮೇಯುತ್ತಿದ್ದುದು ಸಿಕ್ಕಿತು. ಜೊತೆಗೆ, ಹಿಂದಿನ ವರ್ಷಗಳಲ್ಲಿ ತಪ್ಪಿಸಿಕೊಂಡ, ಗುರುತು ಬರೆಯೇ ಇಲ್ಲದ ದನಗಳೂ. ಅಲ್ಲಿಂದ ಸರ್ಕಾರಿ ಜಮೀನಿಗೆ ಮುಳ್ಳುತಂತಿ ಸುತ್ತುವ ಕಾಲ ಶುರು. 1885ರಲ್ಲೇ ಅದಕ್ಕೆ ನಿಷೇಧ ಇತ್ತು, ಕೇಳುವವರು ಇರಲಿಲ್ಲ.

ದೊಡ್ಡ ಹೆಸರು ಸ್ಪೇಡ್ ರಾಂಚ್, ಬಾರ್ಟ್‌ಲೆಟ್ ರಿಚರ್ಡ್ಸ್ ಮತ್ತು ವಿಲ್ ಕಾಮ್‌ಸ್ಟಾಕ್ ಅವರದ್ದು, ಪಕ್ಕದ ಶೆರಿಡನ್ ಕೌಂಟಿಗೂ ಹಬ್ಬಿತ್ತು. 1905ರಲ್ಲಿ ಬೇಲಿ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಾಗ ಸಿಕ್ಕ ಶಿಕ್ಷೆ 300 ಡಾಲರ್ ದಂಡ, ಆರು ಗಂಟೆ ಮಾರ್ಷಲ್‌ನ ವಶ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸಿಟ್ಟಾಗಿ ಸರ್ಕಾರಿ ವಕೀಲನನ್ನೂ ಮಾರ್ಷಲ್‌ನನ್ನೂ ಕೆಲಸದಿಂದ ತೆಗೆದ. ಮರುವರ್ಷದ ಮೊಕದ್ದಮೆ ಗಟ್ಟಿ: ಮಾಜಿ ಸೈನಿಕರು, ಸೈನಿಕರ ವಿಧವೆಯರ ಹೆಸರಲ್ಲಿ ಸುಳ್ಳು ಅರ್ಜಿ ಹಾಕಿಸಿ ಜಮೀನು ಹೊಡೆದುಕೊಳ್ಳುವ ಸಂಚು. ಒಂದು ವರ್ಷ ಶಿಕ್ಷೆ. ಮೇಲ್ಮನವಿ ಮುಗಿದು ಶಿಕ್ಷೆ ಶುರುವಾದದ್ದು 1910ರ ಕೊನೆಗೆ. 1911ರಲ್ಲಿ, ಶಿಕ್ಷೆ ಮುಗಿಯುವ ಮೊದಲೇ ರಿಚರ್ಡ್ಸ್ ತೀರಿಕೊಂಡ.

ಕಿಂಕೇಡ್ ಕಾಯ್ದೆಯ ಷರತ್ತು: ನೆಬ್ರಾಸ್ಕಾದ 37 ಕೌಂಟಿಗಳಿಗೆ ಮಾತ್ರ, ನೀರಾವರಿಗೆ ಯೋಗ್ಯವಾದ ಜಮೀನು ಹೊರತು. ಐದು ವರ್ಷ ವಾಸ, ಎಕರೆಗೆ 1.25 ಡಾಲರ್ ಬೆಲೆಯ ಸುಧಾರಣೆ, ಅಂದರೆ ಪೂರ್ತಿ 640ಕ್ಕೆ 800 ಡಾಲರ್. ಮನೆ, ಬೇಲಿ, ಬಾವಿ, ಗಾಳಿಯಂತ್ರ ಎಲ್ಲ ಸೇರಿ. ನಡುವೆ ದುಡ್ಡು ಕಟ್ಟಿ ಬೇಗ ಹಕ್ಕುಪತ್ರ ಪಡೆಯುವ ಅವಕಾಶ ಇರಲಿಲ್ಲ. ಐದು ವರ್ಷ ಹಲ್ಲುಕಚ್ಚಿ ಕೂತು, ಹಕ್ಕುಪತ್ರ ಕೈಗೆ ಬಂದ ಕೂಡಲೇ ಪಕ್ಕದ ರಾಂಚಿಗೆ ಮಾರಿ ಹೋದವರು ಬಹಳ. ರಾಂಚುಗಳನ್ನು ಒಡೆಯಲು ಬಂದ ಕಾಯ್ದೆಯೇ ಕೊನೆಗೆ ಅವರಿಗೆ ಕಾಯಂ ಹಕ್ಕು ಒದಗಿಸಿತು ಅನ್ನುವುದು ನನ್ನ ಅಭಿಪ್ರಾಯ.

---

ನಕಾಶೆ_ನೋಡುಗ:

ಇಬ್ಬರಿಗೂ ಧನ್ಯವಾದ, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಎರಡು ಉಪಪ್ರಶ್ನೆ. ಡಿವಿಟಿ ಎಂಬ ಕಪ್ಪು ಜನರ ನೆಲೆಯೂ ಇದೇ ಕೌಂಟಿಯಲ್ಲಿತ್ತಲ್ಲವೇ? ಮತ್ತೆ ದಿಬ್ಬದ_ಹುಲ್ಲು ಅವರೇ, ಹುಲ್ಲು ಒಮ್ಮೆ ಕಿತ್ತುಹೋದರೆ ಆ ಜಾಗ ಮತ್ತೆ ಸರಿಯಾಗುವುದೇ ಇಲ್ಲವೇ?

---

ಹಳೇ_ದಫ್ತರ:

ಹೌದು. ಬ್ರೌನ್‌ಲೀ ಊರಿನ ಸಮೀಪ, ನಾರ್ತ್ ಲೂಪ್ ನದಿಯ ಗುಂಟ. 1907ರಿಂದ ಬಂದು ನೆಲೆಸಿದರು. ಹಲವು ಕುಟುಂಬಗಳು ನೆಬ್ರಾಸ್ಕಾದ ಓವರ್ಟನ್ ಕಡೆಯಿಂದ ಬಂದವು, ಅವರಲ್ಲಿ ಕೆಲವರ ಮೂಲ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದವರದ್ದು. ಹುಲ್ಲುಹೆಂಟೆಯ ಮನೆ, ಶಾಲೆ, ಚರ್ಚು, ಬೇಸ್‌ಬಾಲ್ ತಂಡ ಎಲ್ಲ ಇದ್ದವು. ಮುಂದೆ ಅಂಚೆ ಕಚೇರಿಯ ಹೆಸರು ಆಡೇಶಸ್ ಅಂತ ಬದಲಾಯಿತು. ನೆಬ್ರಾಸ್ಕಾದ ಗ್ರಾಮೀಣ ಕಪ್ಪು ನೆಲೆಗಳಲ್ಲಿ ದೊಡ್ಡದೂ ಇದೇ, ಹೆಚ್ಚು ಕಾಲ ಬಾಳಿದ್ದೂ ಇದೇ. 1936ರ ಹೊತ್ತಿಗೆ ಖಾಲಿ. ಕಾರಣ ಬಣ್ಣಕ್ಕಿಂತ ಮೇಲಿನ ಅದೇ 640ರ ಲೆಕ್ಕ. ಸುತ್ತಲಿನ ಬಿಳಿ ಕುಟುಂಬಗಳೂ ಅದೇ ಕಾಲಕ್ಕೆ ಹೊರಟವು. ಈಗ ಕಟ್ಟಡ ಯಾವುದೂ ಉಳಿದಿಲ್ಲ, ಹೈವೇ 83ರ ಬದಿಯಲ್ಲಿ 2016ರಲ್ಲಿ ನೆಟ್ಟ ಇತಿಹಾಸ ಫಲಕ ಇದೆ.

ಇನ್ನು ದಾಖಲೆ ಹುಡುಕುವುದು. ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ, ಮೊದಲೇ ಹೇಳುತ್ತೇನೆ: ಕೇಂದ್ರ ಭೂ ನಿರ್ವಹಣಾ ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಹಕ್ಕುಪತ್ರ ಸಿಕ್ಕವರು ಮಾತ್ರ ಕಾಣುತ್ತಾರೆ. ಎರಡು ವರ್ಷ ಇದ್ದು ಬಿಟ್ಟುಹೋದವರು ಅಲ್ಲಿ ಇಲ್ಲವೇ ಇಲ್ಲ. ಅಂಥವರಿಗೆ ಟ್ರ್ಯಾಕ್ಟ್ ಬುಕ್ ನೋಡಬೇಕು. ಅದು ಜಮೀನಿನ ಗುರುತಿನ ಕ್ರಮದಲ್ಲಿರುವ ದೊಡ್ಡ ಖಾತೆ ಪುಸ್ತಕ, ಒಂದೇ ತುಂಡಿಗೆ ಯಾರ್ಯಾರು ಅರ್ಜಿ ಹಾಕಿದರು, ಯಾವುದು ರದ್ದಾಯಿತು ಎಲ್ಲ ಅದರಲ್ಲಿದೆ. ಹೆಸರಿನಿಂದ ಹುಡುಕಲಾಗದು, ಹಾಗಾಗಿ ಜಮೀನಿನ ಗುರುತು ಮೊದಲು ಬೇಕು.

ಗುರುತು ಓದುವ ರೀತಿ: ಚೆರ್ರಿ ಕೌಂಟಿಯ ಸರ್ವೆ ಪೂರ್ತಿ ಉತ್ತರ-ದಕ್ಷಿಣದ ಅಳತೆಯ ಮೂಲರೇಖೆಯಾದ 6ನೇ ಪ್ರಿನ್ಸಿಪಲ್ ಮೆರಿಡಿಯನ್‌ಗೆ ಸೇರಿದ್ದು. ಟೌನ್‌ಶಿಪ್ ಸಂಖ್ಯೆ 25ರಿಂದ 35 ಉತ್ತರ (ಉತ್ತರಕ್ಕೆ ಎಣಿಸುವ ಸಾಲು), ರೇಂಜ್ 25ರಿಂದ 40 ಪಶ್ಚಿಮ (ಆ ಮೂಲರೇಖೆಯಿಂದ ಪಶ್ಚಿಮಕ್ಕೆ ಎಣಿಸುವ ಸಾಲು). ಒಂದು ಟೌನ್‌ಶಿಪ್ಪಿನಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. 1ನೇ ಸೆಕ್ಷನ್ ಈಶಾನ್ಯ ಮೂಲೆಯಲ್ಲಿ, ಅಲ್ಲಿಂದ ಪಶ್ಚಿಮಕ್ಕೆ 6ರವರೆಗೆ, ಕೆಳಗಿನ ಸಾಲಲ್ಲಿ ಪೂರ್ವಕ್ಕೆ ತಿರುಗಿ 7ರಿಂದ 12. ಹೀಗೆ ಉಳುವ ಎತ್ತು ತಿರುಗಿದಂತೆ ತಿರುಗಿ 36 ಆಗ್ನೇಯ ಮೂಲೆಗೆ ಬರುತ್ತದೆ. 16 ಮತ್ತು 36ನೇ ಸೆಕ್ಷನ್ ಶಾಲೆಗಳಿಗೆ ಮೀಸಲು. ಅಲ್ಲಿ ಕಿಂಕೇಡರ್ (ಕಿಂಕೇಡ್ ಕಾಯ್ದೆಯಡಿ ಜಮೀನು ಹಿಡಿದವರು) ಹೆಸರು ಹುಡುಕಬೇಡಿ. ಕಿಂಕೇಡರ್ ಪಾಲು ಅಂದರೆ ಒಂದೇ ಚೌಕ ಸೆಕ್ಷನ್ ಅಂತಲೂ ಅಂದುಕೊಳ್ಳಬೇಡಿ. ಮೊದಲು 160 ಇದ್ದವರು ಸುತ್ತಮುತ್ತ ಸಿಕ್ಕಿದ್ದನ್ನು ಸೇರಿಸಿ 640ಕ್ಕೆ ತುಂಬಿಸಿಕೊಳ್ಳಬಹುದಿತ್ತು, ಹಾಗಾಗಿ ನಾಲ್ಕೈದು ಸೆಕ್ಷನ್ನುಗಳಲ್ಲಿ ಹರಿದುಹಂಚಿದ ಪಾಲುಗಳೂ ಸಿಗುತ್ತವೆ.

ಹಕ್ಕುಪತ್ರದ ಮೇಲಿನ ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. 1908ರ ಮಧ್ಯದ ನಂತರದವಕ್ಕೆ ಆ ಒಂದು ಸಂಖ್ಯೆ ಸಾಕು. ಅದಕ್ಕೆ ಹಿಂದಿನವಕ್ಕೆ ಅರ್ಜಿ ಪಡೆದ ಸರ್ಕಾರಿ ಲ್ಯಾಂಡ್ ಆಫೀಸಿನ ಹೆಸರು ಮತ್ತು ಅಂತಿಮ ಸರ್ಟಿಫಿಕೇಟ್ ಸಂಖ್ಯೆ ಎರಡೂ ಬೇಕು. ಇವನ್ನು ಕೊಟ್ಟು ರಾಷ್ಟ್ರೀಯ ಪತ್ರಾಗಾರದಿಂದ ಪೂರ್ತಿ ಕಡತ ತೆಗೆಸಬಹುದು. ಮನೆಯ ಅಳತೆ, ಬೇಲಿಯ ಉದ್ದ, ಉತ್ತ ಎಕರೆ, ಮನೆ ಬಿಟ್ಟು ಹೋಗಿದ್ದ ತಿಂಗಳುಗಳು, ಸಾಕ್ಷಿಗಳ ಹೇಳಿಕೆ, ಹೊರದೇಶದವರಾದರೆ ಪೌರತ್ವದ ಕಾಗದ ಎಲ್ಲ ಕಡತದಲ್ಲಿರುತ್ತದೆ. ಹಕ್ಕುಪತ್ರದ ನಂತರದ ಮಾರಾಟ, ಅಡಮಾನಕ್ಕೆ ವ್ಯಾಲೆಂಟೈನ್‌ನ ಕೋರ್ಟ್‌ಹೌಸಿನಲ್ಲಿ ಕೌಂಟಿ ಕ್ಲರ್ಕ್ ಕಚೇರಿ. ಹಕ್ಕುಪತ್ರದ ತಾರೀಖಿಗೂ ಮಾರಾಟದ ತಾರೀಖಿಗೂ ನಡುವಿನ ಅಂತರ ನೋಡಿ, ಅರ್ಧ ಕಥೆ ಅಲ್ಲೇ ಇದೆ.

---

ದಿಬ್ಬದ_ಹುಲ್ಲು:

ಹುಲ್ಲು ಕಿತ್ತುಹೋದ ಗುಂಡಿಗೆ ಬ್ಲೋಔಟ್ ಅನ್ನುತ್ತಾರೆ. ಸರಿಯಾಗುತ್ತದೆ, ಆದರೆ ವರ್ಷಗಳು ಬೇಕು, ಕ್ರಮ ತಪ್ಪಿದರೆ ಹಾಕಿದ ಬೀಜವೆಲ್ಲ ದಂಡ.

ಶುರುವಾಗುವುದು ದನ ಪದೇ ಪದೇ ತುಳಿಯುವ ಕಡೆ: ನೀರಿನ ತೊಟ್ಟಿ, ಉಪ್ಪಿನ ಗಡ್ಡೆ ಇಟ್ಟ ಜಾಗ, ಬೇಲಿಯ ಮೂಲೆ, ದಿಬ್ಬದ ನೆತ್ತಿಯ ಕಾಲುದಾರಿ. ಚಳಿಗಾಲದ ಜೋರು ಗಾಳಿ ವಾಯವ್ಯದಿಂದ ಬೀಸುವುದರಿಂದ ಗುಂಡಿ ಆ ಕಡೆಗೆ ಬಾಯಿ ತೆರೆಯುತ್ತದೆ, ಮರಳು ಆಗ್ನೇಯ ಬದಿಯಲ್ಲಿ ಗುಡ್ಡೆ ಬೀಳುತ್ತದೆ. ಮೊದಲು ತೊಟ್ಟಿ, ಉಪ್ಪು ಬೇರೆ ಕಡೆಗೆ ಸಾಗಿಸಿ ಗುಂಡಿಗೆ ಬೇಲಿ. ಆಮೇಲೆ ಗುಂಡಿಯ ಕಡಿದಾದ ಅಂಚನ್ನು ಇಳಿಜಾರಾಗಿ ಕೆಡವಬೇಕು, ಇಲ್ಲದಿದ್ದರೆ ಅಂಚಿನ ಕೆಳಗೆ ಗಾಳಿ ಕೊರೆಯುತ್ತಲೇ ಇರುತ್ತದೆ. ಹಳೆಯ ಒಣಹುಲ್ಲು ಹರಡಿ ಮರಳಿಗೆ ಅದುಮುವುದು ಮುಂದಿನ ಕೆಲಸ. ಕೆಲವು ರಾಂಚಿನವರು ಚಳಿಗಾಲದಲ್ಲಿ ಮೇವನ್ನು ಗುಂಡಿಯಲ್ಲೇ ಹಾಕುತ್ತಾರೆ, ದನದ ಗೊರಸು ಹುಲ್ಲನ್ನು ತುಳಿದು ಕೂರಿಸುತ್ತದೆ, ಸಗಣಿಯೂ ಬೀಳುತ್ತದೆ. ಮೊದಲು ಓಟ್ಸ್, ರೈಯಂಥ ಬೇಗ ಏಳುವ ಬೆಳೆ, ಅದರ ಕೂಳೆಯೊಳಗೆ ಸ್ಯಾಂಡ್ ಬ್ಲೂಸ್ಟೆಮ್, ಪ್ರೇರಿ ಸ್ಯಾಂಡ್‌ರೀಡ್, ಸ್ಯಾಂಡ್ ಲವ್‌ಗ್ರಾಸ್ ಬೀಜ. ಹುಲ್ಲು ನೆಲೆ ನಿಲ್ಲುವವರೆಗೆ ಎರಡು ಮೂರು ವರ್ಷವಾದರೂ ಬೇಸಿಗೆ ಮೇವು ಬಂದ್.

ಕೆಡುವುದು ಎಲ್ಲಿ ಅಂದರೆ, ನಡುಗುಂಡಿಗೆ ಮೊದಲು ಬಿತ್ತುತ್ತಾರೆ. ಗಾಳಿ ಬರುವ ಬದಿಯಿಂದ ಕೆಲಸ ಶುರುವಾಗಬೇಕು. ಅತ್ತ ಮರಳು ಸಡಿಲವಿದ್ದರೆ ಮೊಳಕೆ ಒಂದೇ ರಾತ್ರಿಯ ಗಾಳಿಗೆ ಹೂತುಹೋಗುತ್ತದೆ, ಇಲ್ಲವೇ ಮರಳಿನ ಕಣ ಹೊಡೆದು ಎಲೆ ಕತ್ತರಿಸಿಹೋಗುತ್ತದೆ. 1970ರ ದಶಕದಲ್ಲಿ ಚಕ್ರದ ಮೇಲೆ ಸುತ್ತುವ ಪಿವಟ್ ನೀರಾವರಿ ತಂದು ದಿಬ್ಬದಲ್ಲಿ ಮೆಕ್ಕೆಜೋಳ ಬೆಳೆಯಲು ಹೋದವರಿಗೂ ಇದೇ ಆಯಿತು. ನೀರು ಕೊಟ್ಟರು, ಗಾಳಿಯನ್ನು ಹಿಡಿಯಲಾಗಲಿಲ್ಲ. ಅಂಥ ಎಷ್ಟೋ ಜಮೀನು ಮತ್ತೆ ಹುಲ್ಲಿಗೆ ಮರಳಿದೆ.

ವಿಚಿತ್ರ ಅಂದರೆ, ಬ್ಲೋಔಟ್ ಪೆನ್‌ಸ್ಟೆಮನ್ ಅನ್ನುವ ತಿಳಿ ನೇರಳೆ ಹೂವಿನ ಗಿಡ ಬರೀ ಇಂಥ ತೆರೆದ ಮರಳಲ್ಲೇ ಬೆಳೆಯುವುದು. ರಾಂಚಿನವರು ಗುಂಡಿಗಳನ್ನು ಚೆನ್ನಾಗಿ ಮುಚ್ಚಿದಷ್ಟೂ ಅದಕ್ಕೆ ಜಾಗ ಹೋಯಿತು. 1940ರ ಹೊತ್ತಿಗೆ ಅಳಿದೇಹೋಯಿತು ಅಂದುಕೊಂಡಿದ್ದರು, 1968ರಲ್ಲಿ ಮತ್ತೆ ಸಿಕ್ಕಿತು, 1987ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಹಾಗಾಗಿ ಗುಂಡಿ ಮುಚ್ಚುವ ಮುಂಚೆ ಆ ಗಿಡ ಇದೆಯೇ ಅಂತ ನೋಡುವುದು ಒಳ್ಳೆಯದು.

---

ಹೈವೇ_83:

ಹೋಗುವವರಿಗೆ, ಚುಟುಕಾಗಿ.

ಗಡಿಯಾರ: ಕೌಂಟಿಯೊಳಗೇ ಎರಡು ಕಾಲವಲಯ. ವ್ಯಾಲೆಂಟೈನ್ ಸೆಂಟ್ರಲ್ ಸಮಯ, ಹೈವೇ 20ರಲ್ಲಿ ಪಶ್ಚಿಮಕ್ಕೆ ಸುಮಾರು 60 ಮೈಲಿ ದೂರದ ಮೆರಿಮನ್ ಮೌಂಟನ್ ಸಮಯ. ಫೋನ್ ಟವರ್ ಬದಲಾದಂತೆ ಗಂಟೆ ಹಿಂದೆ ಮುಂದೆ ಆಗುತ್ತಿರುತ್ತದೆ. ಭೇಟಿಯ ವೇಳೆ ಗೊತ್ತುಮಾಡುವಾಗ ಯಾವ ಸಮಯ ಅಂತ ಕೇಳಿಯೇ ಬಿಡಿ.

ಪೆಟ್ರೋಲ್: ವ್ಯಾಲೆಂಟೈನ್‌ನಿಂದ ದಕ್ಷಿಣಕ್ಕೆ 83ರಲ್ಲಿ ಥೆಡ್‌ಫರ್ಡ್‌ಗೆ ಸುಮಾರು 65 ಮೈಲಿ, 97ರಲ್ಲಿ ಮಲೆನ್‌ಗೆ 70ಕ್ಕೂ ಹೆಚ್ಚು. ಟ್ಯಾಂಕ್ ತುಂಬಿಸಿಯೇ ಹೊರಡಿ. ಫೋನ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ.

ರಸ್ತೆ: ಒಳಗಿನ ಎಷ್ಟೋ ಡಾಂಬರು ರಸ್ತೆಗಳು ಒಂದೇ ಗಾಡಿಯ ಅಗಲ. ದಿಬ್ಬದ ನೆತ್ತಿ ಹತ್ತುವಾಗ ಎದುರು ದನದ ಟ್ರಕ್ ಇದೆ ಅಂತಲೇ ಲೆಕ್ಕ ಹಾಕಿ ಬಲಕ್ಕೆ ಒತ್ತಿ ನಿಧಾನ ಹೋಗಿ. ಡಾಂಬರು ಬಿಟ್ಟ ದಾರಿಯಲ್ಲಿ ಮರಳಿಗೆ ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಆಕ್ಸಲ್‌ವರೆಗೆ ಇಳಿಯುತ್ತದೆ. ಟೈರಿನ ಗಾಳಿ 18-20 ಪಿಎಸ್‌ಐಗೆ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಡಾಂಬರಿಗೆ ಬಂದ ಮೇಲೆ ಮತ್ತೆ ಗಾಳಿ ತುಂಬಲು ಪಂಪ್ ಜೊತೆಗಿರಲಿ. ಬೇಸಿಗೆಯ ಕೊನೆಯಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ, ಕಾದ ಸೈಲೆನ್ಸರಿನಿಂದ ಬೆಂಕಿ ಹತ್ತುತ್ತದೆ.

ನದಿ: ನಯೋಬ್ರಾರಾದ 76 ಮೈಲಿಗೆ 1991ರಲ್ಲಿ ರಾಷ್ಟ್ರೀಯ ರಮಣೀಯ ನದಿಯ ಮಾನ್ಯತೆ ಸಿಕ್ಕಿದೆ. ಫೋರ್ಟ್ ನಯೋಬ್ರಾರಾ ವನ್ಯಜೀವಿಧಾಮದಲ್ಲಿ ಕನೂ (ಹುಟ್ಟು ಹಾಕುವ ಕಿರುದೋಣಿ) ಇಳಿಸಿದರೆ ಸ್ಮಿತ್ ಫಾಲ್ಸ್ ಸುಮಾರು 12 ಮೈಲಿ, ಅರ್ಧ ದಿನದ ಕೆಲಸ. 63 ಅಡಿಯ ಈ ಜಲಪಾತ ನೆಬ್ರಾಸ್ಕಾಗೇ ಎತ್ತರದ್ದು. ನೀರು ಹೆಚ್ಚಿನ ಕಡೆ ಮೊಣಕಾಲಿಗಿಂತ ಸ್ವಲ್ಪ ಮೇಲೆ, ಮರಳಿನ ತಳ. ಆದರೆ ರಾಕಿ ಫೋರ್ಡ್ ಬರುವ ಮುಂಚೆಯೇ ದಡ ಸೇರಿ. ಅಲ್ಲಿಂದ ಕೆಳಗೆ ಬಂಡೆಯ ಸೆಳವು, ಇನ್ನೂ ಮುಂದೆ ನಾರ್ಡನ್ ಕಮರಿ, ಹೊಸಬರು ಹೋಗುವ ಜಾಗ ಅಲ್ಲ. ನೆಬ್ರಾಸ್ಕಾದಲ್ಲಿ ನದಿಯ ತಳ, ದಡ ಎರಡೂ ಜಮೀನುದಾರರದ್ದು. ತೇಲಿಕೊಂಡು ಹೋಗಬಹುದು, ಖಾಸಗಿ ದಡದಲ್ಲಿ ಬುತ್ತಿ ಬಿಚ್ಚಿದರೆ ಅತಿಕ್ರಮಣ.

ಕಣಿವೆ ನೋಡುವಾಗ ಎರಡೂ ಬದಿ ಗಮನಿಸಿ: ಉತ್ತರ ದಡದ ಒಣ ಬಂಡೆಯ ಮೇಲೆ ಪಶ್ಚಿಮದ ಪೊಂಡೆರೋಸಾ ಪೈನ್, ದಕ್ಷಿಣ ದಡದ ತಣ್ಣನೆಯ ಒರತೆಗಳ ಬಳಿ ಹಿಮಯುಗದಿಂದ ಉಳಿದ ಬರ್ಚ್.

ಇನ್ನು ಮೆರಿಮನ್ ಬಳಿಯ ಬೌರಿಂಗ್ ರಾಂಚ್. ಅದರ ಒಡತಿ ಈವಾ ಬೌರಿಂಗ್ 1954ರಲ್ಲಿ ಕೆಲವು ತಿಂಗಳು ಅಮೆರಿಕದ ಸೆನೆಟರ್ ಆಗಿದ್ದರು, ನೆಬ್ರಾಸ್ಕಾದಿಂದ ಆ ಸ್ಥಾನಕ್ಕೆ ಹೋದ ಮೊದಲ ಮಹಿಳೆ. ಕೋಡಿ ಊರಲ್ಲಿ ನಿಂತರೆ ಅಲ್ಲಿನ ದಿನಸಿ ಅಂಗಡಿ ನೋಡಿ: ಒಣಹುಲ್ಲಿನ ಪೆಂಡಿಗಳಿಂದ ಗೋಡೆ ಕಟ್ಟಿ 2013ರಲ್ಲಿ ತೆರೆದದ್ದು, ನಡೆಸುವುದು ಶಾಲಾ ಮಕ್ಕಳು.

---

ನಕಾಶೆ_ನೋಡುಗ:

ಅಲ್ಲಿನ ರಸ್ತೆಗಳ ಬಗ್ಗೆ ಬೇರೆ ಕಡೆ ಓದುವಾಗ ಆಟೋಗೇಟ್ ಅನ್ನುವ ಪದ ಎಲ್ಲೆಡೆ ಬರುತ್ತಿದೆ, ಅದು ತಾನಾಗಿ ತೆರೆಯುವ ಗೇಟೇ?

---

ಹೈವೇ_83:

ಅಲ್ಲ, ಅಲ್ಲಿ ತೆರೆಯುವಂಥದ್ದು ಏನೂ ಇಲ್ಲ. ಬೇಲಿ ರಸ್ತೆಯನ್ನು ದಾಟುವ ಕಡೆ ನೆಲದಲ್ಲಿ ಗುಂಡಿ ತೋಡಿ ಮೇಲೆ ಸಾಲಾಗಿ ಕಬ್ಬಿಣದ ಪೈಪು ಹಾಕಿರುತ್ತಾರೆ. ಗಾಡಿ ದಾಟುತ್ತದೆ, ದನದ ಕಾಲು ಪೈಪುಗಳ ನಡುವೆ ಸಿಗುವುದರಿಂದ ಅವು ದಾಟಲು ಹೆದರುತ್ತವೆ. ಜೋರಾಗಿ ಹೋದರೆ ಗಾಡಿಯ ಸಸ್ಪೆನ್ಷನ್‌ಗೆ ಪೆಟ್ಟು, ಹತ್ತು ಹದಿನೈದು ಮೈಲಿ ವೇಗ ಸಾಕು. ಮಳೆಯಲ್ಲಿ ಬೈಕಿನವರು ನೇರವಾಗಿ ದಾಟಿ, ಓರೆಯಾಗಿ ಹೋದರೆ ಜಾರುತ್ತದೆ. ಪಕ್ಕದಲ್ಲಿ ತಂತಿಯ ಗೇಟು ಇದ್ದರೆ ಅದು ದನ, ಕುದುರೆ, ದೊಡ್ಡ ಯಂತ್ರಗಳಿಗೆ. ಅದನ್ನು ತೆರೆದು ಹೋಗುವ ಪ್ರಸಂಗ ಬಂದರೆ, ಮುಚ್ಚಿತ್ತೋ ತೆರೆದಿತ್ತೋ ನೋಡಿಕೊಂಡು ಹಾಗೆಯೇ ಬಿಟ್ಟು ಬನ್ನಿ. ತೆರೆದಿದ್ದ ಗೇಟನ್ನು ಮುಚ್ಚಿದರೂ ತಪ್ಪೇ, ಆಚೆಯ ದನಕ್ಕೆ ನೀರಿನ ತೊಟ್ಟಿ ಈಚೆ ಇರಬಹುದು.